ಹೊರಗೆ ಬಿಗಿ, ಒಳಗೆ ಸಡಿಲ: ವೈರಸ್ಸಿನ ಚಿಪ್ಪನ್ನು ಹಿಡಿದಿಡುವ ಪುಟ್ಟ ಅಣುಗಳು

(ಮಂಡ್ಯದಲ್ಲಿ ಪದವಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವೈರಸ್ ಅಂದ ಕೂಡಲೇ ರೋಗದ ಮಾತು ಶುರುವಾಗುತ್ತದೆ. ಇವತ್ತು ಅದು ಸ್ವಲ್ಪ ಕಡಿಮೆ. ವೈರಸ್ ಕಣವನ್ನು ಯಾವುದು ಹಿಡಿದಿಟ್ಟುಕೊಂಡಿದೆ, ಯಾವುದು ಬಿಚ್ಚುತ್ತದೆ, ಅಷ್ಟೇ ನನ್ನ ವಿಷಯ.

ಈ ಕಣದ ಪಾಡು ನೋಡಿ. ಹೊರಗಿರುವಾಗ ಅದು ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಬಿಸಿಲಿಗೆ, ನೀರಿಗೆ, ಕೆಲವು ಸಲ ನಮ್ಮ ಹೊಟ್ಟೆಯ ಹುಳಿಗೂ ಜಗ್ಗಬಾರದು. ಜೀವಕೋಶದ ಒಳಗೆ ಹೋದ ಮೇಲೆ ಅದೇ ಕಣ ಬಿಚ್ಚಿಕೊಂಡು, ಒಳಗಿರುವ ಆರ್‌ಎನ್‌ಎಯನ್ನೋ ಡಿಎನ್‌ಎಯನ್ನೋ ಬಿಟ್ಟುಕೊಡಬೇಕು. ಹೊರಗೇ ಬಿಚ್ಚಿಕೊಂಡರೆ ಕೆಟ್ಟಿತು. ಒಳಗೆ ಹೋಗಿಯೂ ಬಿಚ್ಚದಿದ್ದರೆ ಇನ್ನೂ ಕೆಟ್ಟಿತು. ಆದರೆ ತಾನೀಗ ಒಳಗಿದ್ದೇನೋ ಹೊರಗಿದ್ದೇನೋ ಅನ್ನುವುದು ಅದಕ್ಕೆ ತಿಳಿಯುವುದು ಹೇಗೆ? ಕಣ್ಣಿಲ್ಲ, ಕಿವಿಯಿಲ್ಲ.

ಬಹಳಷ್ಟು ವೈರಸ್ಸುಗಳಿಗೆ ಈ ಸುದ್ದಿ ಮುಟ್ಟಿಸುವುದು ತೀರಾ ಸಣ್ಣ ವಸ್ತುಗಳು. ಒಂದು ಕ್ಯಾಲ್ಸಿಯಂ ಅಯಾನು, ಅಂದರೆ ವಿದ್ಯುತ್ ಆವೇಶ ಹೊತ್ತ ಕ್ಯಾಲ್ಸಿಯಂ ಕಣ. ಒಂದು ಕೊಬ್ಬಿನ ಅಣು. ಕೆಲವು ಸಲ ಬರೀ ಹುಳಿ. ಮಜಾ ಏನೆಂದರೆ ಇವನ್ನು ತಯಾರಿಸುವ ಜೀನ್ ವೈರಸ್ಸಿನಲ್ಲಿ ಇಲ್ಲ. ಎಲ್ಲವೂ ಗಿಡದ್ದು, ದನದ್ದು, ನಮ್ಮದು. ನಮ್ಮ ಪಠ್ಯಪುಸ್ತಕದಲ್ಲಿ ವೈರಸ್ ಎಂದರೆ 'ಪ್ರೋಟೀನ್ ಕವಚ, ಒಳಗೆ ನ್ಯೂಕ್ಲಿಯಿಕ್ ಆಮ್ಲ', ಅಲ್ಲಿಗೆ ಮುಗಿಯಿತು. ಈ ಸಣ್ಣ ಅಣುಗಳಿಗೆ ಚಿತ್ರದಲ್ಲಿ ಜಾಗವೇ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಮೊದಲು ಪ್ರೋಟೀನ್ ನೋಡೋಣ. ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಇಲ್ಲಿದ್ದರೆ ಹೊಗೆಸೊಪ್ಪಿನ ಮೊಸಾಯಿಕ್ ರೋಗ ನೋಡಿರುತ್ತೀರಿ. ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆ ಮಚ್ಚೆ. ಇದನ್ನು ತರುವ ಟೊಬ್ಯಾಕೊ ಮೊಸಾಯಿಕ್ ವೈರಸ್ ಒಂದು ಕಡ್ಡಿಯ ಆಕಾರದ ಕಣ. ಉದ್ದ 300 ನ್ಯಾನೊಮೀಟರ್, ದಪ್ಪ 18 ನ್ಯಾನೊಮೀಟರ್. ಸುಮಾರು 3,300 ಕಣಗಳನ್ನು ಉದ್ದಕ್ಕೆ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದಾಗ ಜನ ದಂಗಾದರು. ರೋಗ ತರುವ ಜೀವಿ ಉಪ್ಪು, ಸಕ್ಕರೆಯಂತೆ ಹರಳಾಗುತ್ತದೆಯೇ ಅಂತ. ಅದರಲ್ಲಿ ಆರ್‌ಎನ್‌ಎ ಕೂಡ ಇದೆ ಎಂದು ಸ್ವಲ್ಪ ದಿನಕ್ಕೆ ಇಂಗ್ಲೆಂಡಿನ ಬಾಡೆನ್ ಮತ್ತು ಪೀರಿ ತೋರಿಸಿದರು.

ಈ ಕಡ್ಡಿಯಲ್ಲಿ ಒಂದೇ ಬಗೆಯ ಪ್ರೋಟೀನಿನ 2,130 ಪ್ರತಿಗಳು ಸುರುಳಿಯಾಗಿ ಜೋಡಿಸಿಕೊಂಡಿವೆ. ನಡುವೆ ಆರ್‌ಎನ್‌ಎ ದಾರವೂ ಸುರುಳಿ ಸುತ್ತಿಕೊಂಡಿದೆ. ಪ್ರತಿ ಪ್ರೋಟೀನೂ ಮೂರು ಆರ್‌ಎನ್‌ಎ ಅಕ್ಷರಗಳನ್ನು ಹಿಡಿದಿರುತ್ತದೆ. ಯಾಕೆ ಒಂದೇ ಪ್ರೋಟೀನ್, ಬೇರೆ ಬೇರೆ ಯಾಕಿಲ್ಲ? ಲೆಕ್ಕ ಹಾಕಿ. ಈ ಪ್ರೋಟೀನಿನಲ್ಲಿ ಮಣಿಗಳಂತೆ ಪೋಣಿಸಿದ 158 ಅಮೈನೊ ಆಮ್ಲಗಳಿವೆ. ಒಂದೊಂದಕ್ಕೂ ಮೂರು ಅಕ್ಷರ ಬೇಕು. 2,130 ಪ್ರೋಟೀನುಗಳೂ ಬೇರೆ ಬೇರೆ ಆಗಿದ್ದರೆ ಸುಮಾರು ಹತ್ತು ಲಕ್ಷ ಅಕ್ಷರ ಬೇಕಾಗುತ್ತಿತ್ತು. ಆ ವೈರಸ್ಸಿನ ಹತ್ತಿರ ಇರುವುದು ಎಷ್ಟು ಗೊತ್ತಾ? ಸುಮಾರು 6,400. ಹಾಗಾಗಿ ಒಂದೇ ಪ್ರೋಟೀನನ್ನು ಸಾವಿರಾರು ಸಲ ಮಾಡಿ ಜೋಡಿಸುವುದು ಬಿಟ್ಟು ದಾರಿಯೇ ಇಲ್ಲ. ಸಣ್ಣ ವೈರಸ್ಸುಗಳೆಲ್ಲ ಹೀಗೇ ಇರಬೇಕು ಎಂದು ಕ್ರಿಕ್ ಮತ್ತು ವ್ಯಾಟ್ಸನ್ 1956ರಲ್ಲೇ ಬರೆದಿದ್ದರು.

1955ರಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ಇನ್ನೂ ಚೆಂದದ ಕೆಲಸ ಮಾಡಿದ್ದರು. ಪ್ರೋಟೀನ್ ಬೇರೆ, ಆರ್‌ಎನ್‌ಎ ಬೇರೆ ಮಾಡಿ, ಮತ್ತೆ ಒಂದೇ ಟ್ಯೂಬಿನಲ್ಲಿ ಬೆರೆಸಿದರು. ತಮ್ಮಷ್ಟಕ್ಕೆ ತಾವೇ ಸೇರಿಕೊಂಡು ಕಡ್ಡಿಗಳಾದವು. ಆ ಕಡ್ಡಿಗಳಿಂದ ಗಿಡಕ್ಕೆ ರೋಗವೂ ಬಂತು! ಈ ಕಡ್ಡಿಯ ಒಳಗೆ ಆರ್‌ಎನ್‌ಎ ಎಲ್ಲಿದೆ ಎಂದು ಎಕ್ಸ್-ರೇ ಚಿತ್ರಗಳಿಂದ ಗುರುತಿಸಿದವರು ರೋಸಲಿಂಡ್ ಫ್ರಾಂಕ್ಲಿನ್. ಡಿಎನ್‌ಎ ವಿಚಾರದಲ್ಲಿ ಅವರ ಹೆಸರು ಎಲ್ಲರಿಗೂ ಗೊತ್ತು. ವೈರಸ್ಸಿನ ಕೆಲಸ ಯಾರಿಗೂ ನೆನಪಿಲ್ಲ. 1958ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡರು. ಅವರ ಜೊತೆ ಕೆಲಸ ಮಾಡಿದ್ದ ಆರನ್ ಕ್ಲೂಗ್‌ಗೆ 1982ರಲ್ಲಿ ನೊಬೆಲ್ ಬಂತು.

ಈಗ ಬಿಚ್ಚುವ ವಿಷಯ. ಇಷ್ಟು ಗಟ್ಟಿ ಕಡ್ಡಿ ಗಿಡದ ಕೋಶದೊಳಗೆ ಹೋದ ಮೇಲೆ ಸಡಿಲವಾಗುವುದು ಯಾಕೆ? ಅಕ್ಕಪಕ್ಕದ ಪ್ರೋಟೀನುಗಳು ಸೇರುವ ಕಡೆ ಕೆಲವು ಋಣ ಆವೇಶದ ಗುಂಪುಗಳು ಎದುರುಬದುರಾಗಿ ಕೂತಿವೆ. ಋಣ, ಋಣ ಒಂದನ್ನೊಂದು ದೂಡುತ್ತವೆ, ಅಲ್ವಾ? ಒಂದು ರೀತಿಯಲ್ಲಿ ಜಗಳ ಹಚ್ಚುವ ವ್ಯವಸ್ಥೆಯನ್ನು ವೈರಸ್ ತಾನೇ ಒಳಗಿಟ್ಟುಕೊಂಡಿದೆ. ಹೊರಗಿರುವಾಗ ಇವುಗಳ ನಡುವೆ ಧನ ಆವೇಶದ ಕ್ಯಾಲ್ಸಿಯಂ ಅಯಾನುಗಳು, ಪ್ರೋಟಾನುಗಳು (ಹುಳಿಗೆ ಹುಳಿತನ ಕೊಡುವ ಕಣಗಳು) ಬಂದು ಕೂತು ಜಗಳ ಬಿಡಿಸುತ್ತವೆ. ಕಣ ಗಟ್ಟಿಯಾಗಿ ನಿಲ್ಲುತ್ತದೆ.

ಯಾವುದೇ ಜೀವಕೋಶ ತನ್ನೊಳಗೆ ಕ್ಯಾಲ್ಸಿಯಂ ಬಹಳ ಕಡಿಮೆ ಇಟ್ಟುಕೊಳ್ಳುತ್ತದೆ. ನಮ್ಮ ರಕ್ತದ ಕ್ಯಾಲ್ಸಿಯಂಗೆ ಹೋಲಿಸಿದರೆ ಕೋಶದ ಒಳಗೆ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಅಂಥ ಕಡೆ ಹೋದ ತಕ್ಷಣ ವೈರಸ್ಸಿನ ಕ್ಯಾಲ್ಸಿಯಂ ಜಾರಿಹೋಗುತ್ತದೆ. ಋಣ ಗುಂಪುಗಳು ಒಂದನ್ನೊಂದು ದೂಡತೊಡಗುತ್ತವೆ. ಕಡ್ಡಿಯ ಒಂದು ತುದಿ ಸಡಿಲವಾಗುತ್ತದೆ. ಅಲ್ಲಿಂದ ಮುಂದಿನದು ಇನ್ನೂ ಮೋಜು. ಹೊರಗೆ ಇಣುಕಿದ ಆರ್‌ಎನ್‌ಎಯನ್ನು ಗಿಡದ ರೈಬೋಸೋಮುಗಳು, ಅಂದರೆ ಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರಗಳು, ಓದಲು ಶುರು ಮಾಡುತ್ತವೆ. ಓದುತ್ತಾ ಓದುತ್ತಾ ಮುಂದಿನ ಪ್ರೋಟೀನುಗಳನ್ನು ಕಳಚಿ ಹಾಕುತ್ತವೆ. ಅಂದರೆ ವೈರಸ್ಸಿನ ಅಂಗಿ ಬಿಚ್ಚಿಕೊಡುವ ಕೆಲಸವನ್ನೂ ಗಿಡವೇ ಮಾಡಿಕೊಡುತ್ತದೆ.

ಕ್ಯಾಲ್ಸಿಯಂನ ಈ ಆಟ ದುಂಡಗಿನ ವೈರಸ್ಸುಗಳಲ್ಲೂ ಇದೆ. ದುಂಡಗೆ ಅಂದರೂ ಸರಿಯಾಗಿ ನೋಡಿದರೆ ಇಪ್ಪತ್ತು ತ್ರಿಕೋನ ಮುಖಗಳ ಆಕಾರ. 60 ಪ್ರೋಟೀನುಗಳಿಂದ ಕಟ್ಟಬಹುದು, ಅಥವಾ 180, 240, ಹೀಗೆ. ಇದರ ಲೆಕ್ಕವನ್ನು ಕ್ಯಾಸ್ಪರ್ ಮತ್ತು ಕ್ಲೂಗ್ 1962ರಲ್ಲಿ ಕೊಟ್ಟರು. ಟೊಮೆಟೊ ಬುಷಿ ಸ್ಟಂಟ್ ಎಂಬ ವೈರಸ್ಸಿನ ರಚನೆಯನ್ನು 1978ರಲ್ಲಿ ಸ್ಟೀಫನ್ ಹ್ಯಾರಿಸನ್ ತಂಡ ಅಣುವಣುವಾಗಿ ಬಿಡಿಸಿ ತೋರಿಸಿತು. ವೈರಸ್ಸೊಂದನ್ನು ಅಷ್ಟು ವಿವರವಾಗಿ ನೋಡಿದ್ದು ಅದೇ ಮೊದಲು. ಅದರಲ್ಲಿ 180 ಪ್ರೋಟೀನುಗಳು, ಅವುಗಳ ಸಂದಿಯಲ್ಲಿ ಕ್ಯಾಲ್ಸಿಯಂ. ಕ್ಯಾಲ್ಸಿಯಂ ತೆಗೆದು, ದ್ರಾವಣದ ಹುಳಿಯನ್ನೂ ಕಡಿಮೆ ಮಾಡಿದರೆ ಇಡೀ ಕಣ ಊದಿಕೊಳ್ಳುತ್ತದೆ.

ನಮ್ಮ ಕಡೆಯ ಒಂದು ಉದಾಹರಣೆ ಹೇಳಲೇಬೇಕು. ವೀಳ್ಯದೆಲೆ ತೋಟದಲ್ಲಿ ಬಳ್ಳಿ ಹಬ್ಬಿಸಲು ಅಗಸೆ ಮರ ನೆಡುತ್ತಾರಲ್ಲ, ಚೊಗಚೆ ಅಂತಲೂ ಅನ್ನುತ್ತೀರಿ. ಎಣ್ಣೆ ತೆಗೆಯುವ ಅಗಸೆ ಬೇರೆ. ಈ ಮರಕ್ಕೂ ಒಂದು ಮೊಸಾಯಿಕ್ ವೈರಸ್ ಇದೆ. ಅದು ಸಿಕ್ಕಿದ್ದು ಆಂಧ್ರದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎನ್. ಮೂರ್ತಿ ಮತ್ತು ಎಚ್.ಎಸ್. ಸಾವಿತ್ರಿ ಅವರ ತಂಡಗಳು ಅದರ ರಚನೆ ಬಿಡಿಸಿದವು. 1995ರ ಹೊತ್ತಿಗೆ ಚಿತ್ರ ಕೈಗೆ ಬಂದಿತ್ತು. ಇಲ್ಲೂ 180 ಪ್ರೋಟೀನು, ಇಲ್ಲೂ ಸಂದಿಯಲ್ಲಿ ಕ್ಯಾಲ್ಸಿಯಂ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಆ ಪ್ರೋಟೀನ್ ಮಾಡಿಸಿದರು. ವೈರಸ್ಸೇ ಇಲ್ಲದೆ ಬರೀ ಚಿಪ್ಪುಗಳು ಕಟ್ಟಿಕೊಂಡವು. ಕ್ಯಾಲ್ಸಿಯಂ ಹಿಡಿಯುವ ಜಾಗವನ್ನು ಕೆಡಿಸಿ ನೋಡಿದರು. ಚಿಪ್ಪು ಆಗಲೂ ಕಟ್ಟಿಕೊಂಡಿತು, ಆದರೆ ಗಟ್ಟಿತನ ಕಡಿಮೆಯಾಯಿತು. ಕಟ್ಟುವುದಕ್ಕೆ ಪ್ರೋಟೀನ್ ಸಾಕು, ಗಟ್ಟಿಯಾಗಿ ನಿಲ್ಲುವುದಕ್ಕೆ ಕ್ಯಾಲ್ಸಿಯಂ ಬೇಕು ಅನ್ನುವುದು ಇದರಿಂದ ಬೇರೆ ಬೇರೆಯಾಗಿ ಕಾಣಿಸಿತು. ಇನ್ನೊಂದು ಪ್ರಯೋಗದಲ್ಲಿ ಪ್ರೋಟೀನಿನ ಮುಂದಿನ ತುದಿಯಿಂದ 65 ಅಮೈನೊ ಆಮ್ಲ ಕತ್ತರಿಸಿದರು. ಆಗ 180ರ ಬದಲು 60 ಪ್ರೋಟೀನುಗಳ ಪುಟಾಣಿ ಚಿಪ್ಪು ಬಂತು! ಚಿಪ್ಪು ದೊಡ್ಡದಾಗಬೇಕೋ ಸಣ್ಣದಾಗಬೇಕೋ ಎನ್ನುವುದು ಆ ತುದಿಯಲ್ಲಿತ್ತು.

ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ಕೂಡ ಕ್ಯಾಲ್ಸಿಯಂ ನಂಬಿಕೊಂಡಿದೆ. ಅದಕ್ಕೆ ಮೂರು ಪದರ. ಹೊರಗಿನ ಪದರದ ಪ್ರೋಟೀನು ಮೂರು ಮೂರಾಗಿ ಕೂಡಿಕೊಳ್ಳುವುದು ಕ್ಯಾಲ್ಸಿಯಂನಿಂದಲೇ. ಪ್ರಯೋಗಾಲಯದಲ್ಲಿ ಇಡಿಟಿಎ ಹಾಕಿದರೆ ಹೊರಪದರ ಕಳಚಿ ಬೀಳುತ್ತದೆ. ರಕ್ತ ಪರೀಕ್ಷೆಗೆ ಕೊಡುವಾಗ ನೇರಳೆ ಮುಚ್ಚಳದ ಟ್ಯೂಬ್ ನೋಡಿರುತ್ತೀರಲ್ಲ, ಅದರಲ್ಲಿರುವುದು ಇದೇ ಇಡಿಟಿಎ. ಅಲ್ಲಿ ಕ್ಯಾಲ್ಸಿಯಂ ಹಿಡಿದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ.

ಮಂಡ್ಯಕ್ಕೆ ಬಂದು ಕಾಲುಬಾಯಿ ಜ್ವರದ ಮಾತೆತ್ತದೆ ಹೋದರೆ ಆಗುತ್ತದೆಯೇ? ಪ್ರಾಣಿಗಳ ರೋಗಕ್ಕೆ ವೈರಸ್ ಕಾರಣ ಎಂದು ಮೊದಲು ಗೊತ್ತಾಗಿದ್ದೇ ಈ ರೋಗದಿಂದ. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ ತೋರಿಸಿದರು. ಈ ವೈರಸ್ಸಿನ ಚಿಪ್ಪು ಹನ್ನೆರಡು ತುಂಡುಗಳಿಂದ ಆಗಿದೆ. ತುಂಡುಗಳ ಅಂಚಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲಗಳು ಕೂತಿವೆ. ಹುಳಿ ಸ್ವಲ್ಪ ಹೆಚ್ಚಾದರೂ ಸಾಕು, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6.5ಕ್ಕಿಂತ ಕೆಳಗೆ ಬಂದರೂ ಸಾಕು, ಹಿಸ್ಟಿಡಿನ್‌ಗಳಿಗೆ ಧನ ಆವೇಶ ಬಂದು ಒಂದನ್ನೊಂದು ದೂಡುತ್ತವೆ. ಚಿಪ್ಪು ಹನ್ನೆರಡು ಹೋಳಾಗುತ್ತದೆ. ಕೋಶದ ಒಳಗಿನ ಸಣ್ಣ ಚೀಲಗಳಲ್ಲಿ ಅಷ್ಟು ಹುಳಿ ಇದ್ದೇ ಇರುತ್ತದೆ. ವೈರಸ್ಸಿಗೆ ಬೇಕಾದದ್ದೂ ಅದೇ.

ಇದರಿಂದ ನಮಗೆ ಎರಡು ಲಾಭ-ನಷ್ಟ. ಲಾಭ ಏನೆಂದರೆ ಕೊಟ್ಟಿಗೆ ತೊಳೆಯಲು ದುಬಾರಿ ಔಷಧಿ ಬೇಕಿಲ್ಲ. ಸಿಟ್ರಿಕ್ ಆಮ್ಲದಂಥ ಹುಳಿಗೂ ಈ ಚಿಪ್ಪು ತಾಳುವುದಿಲ್ಲ, ಶೇ. 4ರ ವಾಷಿಂಗ್ ಸೋಡಾ ನೀರಿಗೂ ವೈರಸ್ ಉಳಿಯುವುದಿಲ್ಲ. ನಷ್ಟ ಲಸಿಕೆಯದ್ದು. ದನಗಳಿಗೆ ಆರು ತಿಂಗಳಿಗೊಮ್ಮೆ ಹಾಕುವ ಲಸಿಕೆಯಲ್ಲಿರುವುದು ಸತ್ತ ವೈರಸ್ಸೇ. ಆದರೆ ಅದರ ಚಿಪ್ಪು ಇಡಿಯಾಗಿರಬೇಕು. ಬಿಸಿಲಿನಲ್ಲಿಟ್ಟರೆ ಹೋಳಾಗುತ್ತದೆ. ಹೋಳಾದ ಚಿಪ್ಪಿಗೆ ದನದ ಮೈ ಸರಿಯಾಗಿ ಪ್ರತಿರೋಧ ಕಟ್ಟುವುದಿಲ್ಲ. ಬಾಟಲಿ ನೋಡಿದರೆ ಏನೂ ಗೊತ್ತಾಗದು. ಸೂಜಿ ಚುಚ್ಚಿದ್ದಾಯಿತು, ಪುಸ್ತಕದಲ್ಲಿ ಬರೆದದ್ದೂ ಆಯಿತು, ರಕ್ಷಣೆ ಮಾತ್ರ ಇಲ್ಲ. ಅದಕ್ಕೇ 2ರಿಂದ 8 ಡಿಗ್ರಿಯ ಐಸ್ ಬಾಕ್ಸ್ ವಿಷಯದಲ್ಲಿ ಪಶುವೈದ್ಯರು ಅಷ್ಟು ಗಲಾಟೆ ಮಾಡುವುದು. ಫ್ರೀಜರ್‌ಗೂ ಹಾಕಬಾರದು, ನೆನಪಿರಲಿ. ಇಂಗ್ಲೆಂಡಿನಲ್ಲಿ 2013ರಲ್ಲಿ ಒಂದು ತಂಡ ಆ ಅಂಚಿನಲ್ಲಿ ಒಂದೇ ಒಂದು ಹಿಸ್ಟಿಡಿನ್ ತೆಗೆದು ಸಿಸ್ಟೀನ್ ಹಾಕಿತು. ಎರಡು ಸಿಸ್ಟೀನುಗಳು ಗಂಧಕದ ಮೂಲಕ ಕೈ ಹಿಡಿದುಕೊಂಡು, ಲಸಿಕೆಗೆಂದು ಮಾಡಿದ ಖಾಲಿ ಚಿಪ್ಪು (ಒಳಗೆ ಆರ್‌ಎನ್‌ಎ ಇಲ್ಲದ್ದು) ಗಟ್ಟಿಯಾಯಿತು. ರಚನೆ ನೋಡಿ ಏನುಪಯೋಗ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇದೇ ಕುಟುಂಬದ ಪೋಲಿಯೊ ವೈರಸ್ ಮಾತ್ರ ಹೊಟ್ಟೆಯ ಹುಳಿಗೆ ಹೆದರುವುದಿಲ್ಲ. ಅದು ಬೇರೆ ಉಪಾಯ ಮಾಡಿಕೊಂಡಿದೆ. 1985ರಲ್ಲಿ ಪೋಲಿಯೊ ಮತ್ತು ನೆಗಡಿಯ ರೈನೊವೈರಸ್ ಎರಡರ ರಚನೆಯೂ ಹೊರಬಂತು. ಅದರ ಬೆನ್ನಿಗೇ, ಪೋಲಿಯೊ ವೈರಸ್ಸಿನಲ್ಲೂ ಅದರ ಹಲವು ನೆಂಟರಲ್ಲೂ ಚಿಪ್ಪಿನ ಪ್ರೋಟೀನಿನಲ್ಲಿರುವ ಒಂದು ಪೊಟರೆ ಗಮನಕ್ಕೆ ಬಂತು. ಅದರೊಳಗೆ ಕೊಬ್ಬಿನಂಥ ಉದ್ದನೆಯ ಅಣು. ವೈರಸ್ ಅದನ್ನು ನಮ್ಮ ಕೋಶದಿಂದಲೇ ಎತ್ತಿಕೊಂಡು ಬಂದಿರುತ್ತದೆ. ಆ ಕೊಬ್ಬು ಒಳಗಿರುವ ತನಕ ಚಿಪ್ಪು ಬಿಗಿ. ಹೊಸ ಕೋಶದ ಮೇಲಿನ ಗ್ರಾಹಕ ಪ್ರೋಟೀನು ಬಂದು ಅಂಟಿಕೊಂಡಾಗ ಪೊಟರೆ ಅಮುಕಿ ಕೊಬ್ಬು ಹೊರಬೀಳುತ್ತದೆ. ಚಿಪ್ಪು ಸಡಿಲವಾಗಿ ಆರ್‌ಎನ್‌ಎ ಹೊರಗೆ ಬರುತ್ತದೆ.

ಇದು ಗೊತ್ತಾದ ಮೇಲೆ ಔಷಧಿ ಮಾಡುವವರು ಸುಮ್ನೆ ಇರುತ್ತಾರೆಯೇ? ಆ ಪೊಟರೆಗೆ ಕೊಬ್ಬಿಗಿಂತ ಗಟ್ಟಿಯಾಗಿ ಕೂರುವ ಅಣು ತುರುಕಿದರೆ ಚಿಪ್ಪು ಬಿಚ್ಚುವುದೇ ಇಲ್ಲ. ಹೀಗೆ ಬಂದದ್ದು ಪ್ಲೆಕೊನಾರಿಲ್. ಕೆಲಸವೇನೋ ಮಾಡಿತು. ಆದರೆ ಗರ್ಭನಿರೋಧಕ ಮಾತ್ರೆಗಳ ಪರಿಣಾಮವನ್ನು ಕೆಡಿಸುತ್ತದೆ ಎಂಬಂಥ ತೊಡಕುಗಳಿದ್ದವು. ಸುಮ್ಮನೆ ಬಂದು ಹೋಗುವ ನೆಗಡಿಗೆ ಇಷ್ಟು ತೊಡಕು ಯಾಕೆ ಅನ್ನಿಸಿ 2002ರಲ್ಲಿ ಅಮೆರಿಕ ಒಪ್ಪಿಗೆ ಕೊಡಲಿಲ್ಲ. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ.

ಪೋಲಿಯೊ ಹನಿಯಲ್ಲಿ ಇನ್ನೊಂದು ಸಣ್ಣ ವಸ್ತು ಇತ್ತು. ಬಿಸಿಗೆ ವೈರಸ್ ಕೆಡದಿರಲೆಂದು ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಿದ್ದರು. ಸಾದಾ ಉಪ್ಪಿನಂಥ ವಸ್ತು. ಭಾರತ 2014ರಲ್ಲಿ ಪೋಲಿಯೊಮುಕ್ತ ಎನಿಸಿಕೊಂಡಿದ್ದರಲ್ಲಿ ಇಂಥ ಉಪ್ಪುಗಳ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೆಗಡಿಗೆ ಫಲಿಸದ ಉಪಾಯ ಎಚ್‌ಐವಿಗೆ ಫಲಿಸಿತು. ಎಚ್‌ಐವಿಯ ಒಳಚಿಪ್ಪು ಶಂಕುವಿನ ಆಕಾರ. ಸುಮಾರು 1,500 ಪ್ರೋಟೀನುಗಳು ಹೆಚ್ಚಾಗಿ ಆರಾರರ ಗುಂಪಾಗಿವೆ. ಹನ್ನೆರಡು ಕಡೆ ಮಾತ್ರ ಐದೈದು. ಆ ಹನ್ನೆರಡು ಇಲ್ಲದಿದ್ದರೆ ಚಿಪ್ಪು ಮುಚ್ಚಿಕೊಳ್ಳಲು ಆಗುವುದೇ ಇಲ್ಲ. ಇದು ಶುದ್ಧ ಗಣಿತ. ಪ್ರತಿ ಗುಂಪಿನ ನಡುವೆಯೂ ಒಂದು ತೂತು. ತೂತಿನ ಸುತ್ತ ಧನ ಆವೇಶದ ಅಮೈನೊ ಆಮ್ಲಗಳು. ಈ ಸಲ ಧನ, ಧನ ದೂಡುತ್ತವೆ. ಅದನ್ನು ತಣಿಸಲು ಒಂದು ಋಣ ಆವೇಶದ ಅಣು ಬೇಕು. ಅದು ಯಾವುದು ಎಂದು 2018ರಲ್ಲಿ ಸ್ಪಷ್ಟವಾಯಿತು. ಇನೊಸಿಟಾಲ್ ಹೆಕ್ಸಾಫಾಸ್ಫೇಟ್. ಆರು ಫಾಸ್ಫೇಟುಗಳಿರುವ ಪುಟ್ಟ ಅಣು. ಚಿಪ್ಪು ಕಟ್ಟುವಾಗಲೂ ಬೇಕು, ಕಟ್ಟಿದ ಮೇಲೆ ಉಳಿಯಲೂ ಬೇಕು.

ಈ ಅಣು ನಿಮಗೆ ಹೊಸದಲ್ಲ. ಫೈಟಿಕ್ ಆಮ್ಲ ಅಂದರೂ ಇದೇ. ರಾಗಿಯಲ್ಲಿ ಜಾಸ್ತಿ ಇದೆ. ರಾಗಿಯ ಕಬ್ಬಿಣ, ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುವುದು ಇದೇ. ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಕಡಿಮೆಯಾಗುತ್ತದೆ.

ಇಷ್ಟು ಹೇಳುವಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು, "ಹಂಗಾರೆ ಮುದ್ದೆ ಉಣ್ಣದ ಬುಟ್‌ಬುಡ್ಬೇಕಾ ಸಾರ್?" ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನ್ಯಾಯವಾದದ್ದೇ. ಬಿಡಬೇಡಿ ಯಜಮಾನರೇ, ಧಾರಾಳವಾಗಿ ಉಣ್ಣಿ. ನಮ್ಮ ಪ್ರತಿಯೊಂದು ಕೋಶವೂ ಈ ಅಣುವನ್ನು ತನ್ನ ಕೆಲಸಕ್ಕೆಂದು ತಾನೇ ಮಾಡಿಕೊಳ್ಳುತ್ತದೆ. ವೈರಸ್ ಕದಿಯುವುದು ಅದನ್ನು. ಮುದ್ದೆಗೂ ಎಚ್‌ಐವಿಗೂ ಯಾವ ಸಂಬಂಧವೂ ಇಲ್ಲ.

ಇನ್ನು ಔಷಧಿ. ಲೆನಾಕಾಪವಿರ್ ಎಂಬ ಅಣು ಎಚ್‌ಐವಿ ಚಿಪ್ಪಿನ ಪ್ರೋಟೀನುಗಳ ನಡುವಿನ ಸಂದಿಯಲ್ಲಿ ಹೋಗಿ ಕೂರುತ್ತದೆ. ಚಿಪ್ಪು ಅತಿಯಾಗಿ ಬಿರುಸಾಗಿ ತನ್ನ ಕೆಲಸ ಮಾಡಲಾರದೆ ಹೋಗುತ್ತದೆ. ಹೊಸ ಚಿಪ್ಪುಗಳೂ ಸೊಟ್ಟಗೆ ಕಟ್ಟಿಕೊಳ್ಳುತ್ತವೆ. 2022ರಲ್ಲಿ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಸೋಂಕು ಬರದಂತೆ ತಡೆಯುವುದೋ ಎಂದು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ನೋಡಿದರು. 2024ರಲ್ಲಿ ಫಲಿತಾಂಶ ಬಂತು. ವರ್ಷಕ್ಕೆ ಎರಡು ಇಂಜೆಕ್ಷನ್ ಪಡೆದ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಎಚ್‌ಐವಿ ತಗುಲಿರಲಿಲ್ಲ. ಚಿಪ್ಪಿನ ಬಗ್ಗೆ ಇಷ್ಟು ವರ್ಷ ತಲೆಕೆಡಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ಸಂಬಳ ಬೇಕೆ?

ಹೊತ್ತಾಗುತ್ತಿದೆ, ಎರಡು ವಿಷಯ ಬೇಗ ಹೇಳಿಬಿಡುತ್ತೇನೆ. ಡಿಎನ್‌ಎ, ಆರ್‌ಎನ್‌ಎ ಎರಡೂ ಋಣ ಆವೇಶದವು. ಸಣ್ಣ ಚಿಪ್ಪಿನೊಳಗೆ ಒತ್ತಿ ತುಂಬಿದರೆ ತಮ್ಮನ್ನು ತಾವೇ ದೂಡಿಕೊಳ್ಳುತ್ತವೆ. ಕೆಲವು ವೈರಸ್ಸುಗಳು ಅದಕ್ಕೆ ಕೋಶದಲ್ಲಿರುವ ಪ್ಯುಟ್ರೆಸಿನ್, ಸ್ಪರ್ಮಿಡಿನ್, ಸ್ಪರ್ಮಿನ್ ಎಂಬ ಧನ ಆವೇಶದ ಅಣುಗಳನ್ನು ಜೊತೆಗೆ ತುಂಬಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ತಿನ್ನುವ ಟಿ4 ವೈರಸ್ಸಿನಲ್ಲೂ, ಹರ್ಪಿಸ್ಸಿನಲ್ಲೂ ಇವು ಸಿಕ್ಕಿವೆ.

ಎರಡನೆಯದು, ಕಟ್ಟುವಾಗ ಮಾತ್ರ ಬೇಕಾಗುವ ಪ್ರೋಟೀನುಗಳು. ಮನೆಗೆ ಮೋಲ್ಡ್ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚಿ ಇನ್ನೊಂದು ಮನೆಗೆ ಒಯ್ಯುತ್ತಾರೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ತಗುಲುವ ಪಿ22 ಎಂಬ ವೈರಸ್ಸಿನಲ್ಲಿ ಥೇಟ್ ಇದೇ ನಡೆಯುತ್ತದೆ. ಒಂದು ಪ್ರೋಟೀನು ಒಳಗೆ ನಿಂತು ಚಿಪ್ಪಿಗೆ ಆಕಾರ ಕೊಡುತ್ತದೆ. ಡಿಎನ್‌ಎ ಒಳಗೆ ತುಂಬುವ ಹೊತ್ತಿಗೆ ತೂತುಗಳಿಂದ ಹೊರಬಂದು ಇನ್ನೊಂದು ಚಿಪ್ಪು ಕಟ್ಟಲು ಹೋಗುತ್ತದೆ. ಪೂರ್ತಿಯಾದ ವೈರಸ್ಸಿನಲ್ಲಿ ಅದರ ಸುಳಿವೇ ಇರುವುದಿಲ್ಲ.

ಕೊನೆಗೆ ಪ್ರಶ್ನೆಗಳು ಬಂದವು. ಟೊಮೆಟೊ ಬೆಳೆಯುವ ಒಬ್ಬರು ನೇರವಾಗಿ ಕೇಳಿದರು: "ಇಷ್ಟೆಲ್ಲ ಗೊತ್ತಿದೆಯಲ್ಲ ಸಾರ್, ಎಲೆ ಮುಟುರು ರೋಗಕ್ಕೆ ಹೊಡೆಯೋಕೆ ಏನಾದ್ರೂ ಹೇಳಿ." ವೈರಸ್ಸನ್ನೇ ಕೊಲ್ಲುವ ಸಿಂಪಡಣೆ ಇಲ್ಲ. ಅಂಗಡಿಯವರು ಇದೆ ಅಂದರೆ ನಂಬಬೇಡಿ. ಆ ರೋಗದ ವೈರಸ್ಸು ಎರಡು ಚಿಪ್ಪು ಅಂಟಿಕೊಂಡ ಅವಳಿ ಕಣ, ಒಂದೇ ಪ್ರೋಟೀನಿನ 110 ಪ್ರತಿಗಳು. ಅದನ್ನು ಹರಡುವುದು ಬಿಳಿ ನೊಣ. ಯಾವ ಹುಳ ಹರಡಬೇಕು ಎನ್ನುವುದನ್ನು ತೀರ್ಮಾನಿಸುವುದೂ ಆ ಚಿಪ್ಪಿನ ಪ್ರೋಟೀನೇ. ಇದೇ ಗುಂಪಿನ ಮರಗೆಣಸಿನ ವೈರಸ್ಸಿಗೆ, ಜಿಗಿಹುಳು ಹರಡುವ ಬೀಟ್‌ರೂಟ್ ವೈರಸ್ಸಿನ ಚಿಪ್ಪು ತೊಡಿಸಿ ನೋಡಿದ್ದಾರೆ. ಬಿಳಿ ನೊಣದ ವೈರಸ್ಸು ಜಿಗಿಹುಳುವಿನಿಂದ ಹರಡಿತು. ಹಾಗಾಗಿ ಸದ್ಯಕ್ಕೆ ನಿಮ್ಮ ಕೈಲಿರುವುದು ಸಸಿ ಮಡಿಗೆ ನೈಲಾನ್ ಪರದೆ, ರೋಗ ತಡೆಯುವ ತಳಿ, ರೋಗದ ಗಿಡ ಕಂಡ ಕೂಡಲೇ ಕಿತ್ತು ಹಾಕುವುದು.

ಮೊಸಾಯಿಕ್‌ನದ್ದು ಬೇರೆ. ಅದಕ್ಕೆ ಹುಳ ಬೇಕಿಲ್ಲ, ನಮ್ಮ ಕೈಯೇ ಸಾಕು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ, ಬೀಡಿ ಸೇದಿದ ಕೈಯಲ್ಲಿ ಟೊಮೆಟೊ, ಮೆಣಸಿನ ಸಸಿ ಕೀಳಬೇಡಿ. ಒಣಗಿದ ಸೊಪ್ಪಿನಲ್ಲೂ ಆ ಕಡ್ಡಿಗಳು ವರ್ಷಗಟ್ಟಲೆ ಕೆಡದೆ ಇರುತ್ತವೆ. ಸೋಪು ಹಾಕಿ ಕೈ ತೊಳೆಯಿರಿ. ಸಸಿ ಮುಟ್ಟುವ ಮುಂಚೆ ಕೆನೆ ತೆಗೆದ ಹಾಲಿನಲ್ಲಿ ಕೈ ಅದ್ದಿಕೊಳ್ಳುವ ರೂಢಿಯೂ ಇದೆ. ಹಾಲಿನ ಪ್ರೋಟೀನು ವೈರಸ್ಸಿಗೆ ಮೆತ್ತಿಕೊಂಡು ಅದು ಗಿಡಕ್ಕೆ ದಾಟುವುದನ್ನು ಕಡಿಮೆ ಮಾಡುತ್ತದೆ. ಡೇರಿಗೆ ಹಾಲು ಹಾಕುವ ಊರಿನಲ್ಲಿ ಒಂದು ಲೋಟ ಹಾಲಿಗೆ ಬರವಿಲ್ಲ, ಈ ಸಲದ ಸಸಿ ಮಡಿಯಲ್ಲೇ ಮಾಡಿ ನೋಡಿ.